ಮೊರಾಕ್ಕೊದ ಹರೀರಾ: ಹದ ತಪ್ಪುವುದು ಎಲ್ಲಿ?

ಪ್ರಶ್ನೆ: ಕಳೆದ ರಂಜಾನ್‌ನಲ್ಲಿ ಇಫ್ತಾರ್‌ಗೆ ಹೊಸದೇನಾದರೂ ಮಾಡೋಣವೆಂದು ಮೊರಾಕ್ಕೊದ ಹರೀರಾ ಸೂಪು ಮಾಡಿದೆ. ಕಡಲೆ ಸರಿಯಾಗಿ ಬೇಯಲಿಲ್ಲ. ಕೊನೆಯಲ್ಲಿ ಮೈದಾ ಹಾಕಿದಾಗ ಗಂಟು ಕಟ್ಟಿತು. ನಮಾಜು ಮುಗಿಸಿ ಬರುವಷ್ಟರಲ್ಲಿ ಇಡೀ ಪಾತ್ರೆ ಅಂಟಂಟಾಗಿ ಗಟ್ಟಿಯಾಗಿತ್ತು. ರುಚಿಯೂ ನಮ್ಮ ಟೊಮೆಟೊ ಸಾರಿಗಿಂತ ಬೇರೆ ಎನಿಸಲಿಲ್ಲ. ಎಲ್ಲಿ ತಪ್ಪಿದೆ? ನಮ್ಮ ಮನೆಯಲ್ಲಿ ಬಾಣಂತಿಯರಿಗೆ ಬಾದಾಮಿ, ಗಸಗಸೆ ಹಾಕಿ ಮಾಡಿಕೊಡುವುದಕ್ಕೂ ಹರೀರಾ ಎಂದೇ ಹೆಸರು, ಎರಡಕ್ಕೂ ಸಂಬಂಧವಿದೆಯೇ? ಮಾಂಸವಿಲ್ಲದೆ ಇದನ್ನು ಮಾಡಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಬಾಣಂತಿಯರ ಹರೀರಾದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಉಳಿದ ತೊಡಕುಗಳೆಲ್ಲ ಅದರ ಉತ್ತರದಿಂದಲೇ ಬಿಚ್ಚಿಕೊಳ್ಳುತ್ತವೆ. ಎರಡಕ್ಕೂ ಸಂಬಂಧ ಖಂಡಿತ ಇದೆ. ಅರಬ್ಬಿಯಲ್ಲಿ ‘ಹರೀರ್’ ಎಂದರೆ ರೇಷ್ಮೆ. ಹರೀರಾ ಎಂಬ ಹೆಸರನ್ನು ಸಾಮಾನ್ಯವಾಗಿ ಆ ಪದದೊಂದಿಗೇ ಜೋಡಿಸುತ್ತಾರೆ. 13ನೇ ಶತಮಾನದ ಕೊನೆಯಲ್ಲಿ ಇಬ್ನ್ ಮನ್ಜೂರ್ ಸಿದ್ಧಪಡಿಸಿದ ‘ಲಿಸಾನ್ ಅಲ್-ಅರಬ್’ ಎಂಬ ಬೃಹತ್ ನಿಘಂಟು ಹರೀರಾ ಎಂದರೆ ಹಿಟ್ಟು ಮತ್ತು ಕೊಬ್ಬು ಸೇರಿಸಿ ಬೇಯಿಸಿದ ಗಂಜಿ ಎಂದೂ, ಹಾಲಿನಲ್ಲಿ ಬೇಯಿಸಿದ ಹಿಟ್ಟು ಎಂದೂ ಅರ್ಥ ಹೇಳುತ್ತದೆ. ಅದರಲ್ಲಿ ಟೊಮೆಟೊ ಇಲ್ಲ, ಇರುವ ಸಾಧ್ಯತೆಯೂ ಇಲ್ಲ. ಟೊಮೆಟೊ ಅಮೆರಿಕ ಖಂಡದ ಗಿಡ, 1492ರ ನಂತರವಷ್ಟೇ ಕಡಲು ದಾಟಿ ಬಂದದ್ದು. ಮೂಲದಲ್ಲಿ ಹರೀರಾ ಎಂದರೆ ನಾಲಿಗೆಯ ಮೇಲೆ ನುಣ್ಣಗೆ ಜಾರಿ ಹೋಗುವ ಹಿಟ್ಟಿನ ಗಂಜಿ, ಅಷ್ಟೆ. ಇರಾನಿನಲ್ಲಿ ಇಂದಿಗೂ ಬಾದಾಮಿ ರುಬ್ಬಿ, ಅಕ್ಕಿಹಿಟ್ಟು, ಸಕ್ಕರೆ, ಗುಲಾಬಿ ನೀರು ಸೇರಿಸಿ ಕಾಯಿಸಿದ ‘ಹರೀರೆ ಬಾದಾಮ್’ ಅನ್ನು ಮಕ್ಕಳಿಗೂ ಕಾಯಿಲೆಯವರಿಗೂ ಕುಡಿಸುತ್ತಾರೆ. ದಖ್ಖನಿನ ಮನೆಗಳಲ್ಲಿ ಬಾದಾಮಿ, ಗಸಗಸೆ, ತುಪ್ಪ, ಹಾಲು ಸೇರಿ ಬಾಣಂತಿಯ ಬಟ್ಟಲಿಗೆ ಬರುವುದು ಇದರದೇ ಹತ್ತಿರದ ನೆಂಟ. ಪಶ್ಚಿಮದ ತುದಿಯಲ್ಲಿ, ಮೊರಾಕ್ಕೊ ಮತ್ತು ಪಶ್ಚಿಮ ಅಲ್ಜೀರಿಯಾದ ತ್ಲೆಮ್ಸೆನ್, ಓರಾನ್ ಸೀಮೆಯಲ್ಲಿ, ಅದೇ ಹೆಸರು ಬೇಳೆ, ಕಡಲೆ, ಮಾಂಸ, ಸೊಪ್ಪು, ಟೊಮೆಟೊ ಕೂಡಿದ ಸೂಪಿಗೆ ನಿಂತಿತು. ಸಿಹಿಯಾಗಲಿ ಖಾರವಾಗಲಿ, ಹಿಟ್ಟು ನೀರಿನಲ್ಲಿ ಕರಗಿ ರೇಷ್ಮೆಯಾಗುವ ಆ ಹದ ಮಾತ್ರ ಎಲ್ಲ ಕಡೆಯೂ ಉಳಿದುಕೊಂಡಿದೆ.

ಈ ಕಾರಣದಿಂದಲೇ ಹೇಳುತ್ತೇನೆ: ನಿಮ್ಮ ಹರೀರಾದಲ್ಲಿ ಕೆಟ್ಟದ್ದು ಮಸಾಲೆಯ ಲೆಕ್ಕವಲ್ಲ, ಕೊನೆಯ ಹಿಟ್ಟಿನ ಕೆಲಸ. ನಮ್ಮಲ್ಲಿ ಬಹಳ ಮಂದಿ ಮೊರಾಕ್ಕೊದ ಅಡುಗೆ ಎಂದೊಡನೆ ಮಸಾಲೆಯ ಪಟ್ಟಿ ಹುಡುಕಲು ಹೊರಡುತ್ತಾರೆ, ಹಿಟ್ಟಿನ ಸಾಲನ್ನು ಓದಿಯೂ ಓದದಂತೆ ದಾಟಿಬಿಡುತ್ತಾರೆ. ಮೊರಾಕ್ಕೊದ ಅಡುಗೆಮನೆಯಲ್ಲಿ ಆ ಹಿಟ್ಟಿನ ನೀರಿಗೆ ‘ತದ್ವೀರಾ’ ಎಂಬ ಪ್ರತ್ಯೇಕ ಹೆಸರೇ ಇದೆ. ತದ್ವೀರಾ ಬೀಳುವವರೆಗೆ ಒಲೆಯ ಮೇಲಿರುವುದು ಒಳ್ಳೆಯ ಕಡಲೆ-ಬೇಳೆಯ ಸಾರು. ಬಿದ್ದ ಮೇಲೆ ಅದು ಹರೀರಾ.

ಗಂಟು ಕಟ್ಟಿದ್ದೇಕೆ ಎಂಬುದನ್ನು ತಿಳಿದುಕೊಂಡರೆ ಮತ್ತೆ ಆ ತಪ್ಪು ಆಗುವುದಿಲ್ಲ. ಗೋಧಿಯ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ನೀರು ಹೀರಿ ಉಬ್ಬಲು ತೊಡಗುತ್ತವೆ. ಕುದಿಯುವ ಸಾರಿಗೆ ಒಣ ಮೈದಾ ಉದುರಿಸಿದರೆ, ಪ್ರತಿಯೊಂದು ಚಿಟಿಕೆಯ ಹೊರಮೈ ಕ್ಷಣದಲ್ಲೇ ಬೆಂದು ಅಂಟಿನ ಪೊರೆಯಾಗುತ್ತದೆ; ಆ ಪೊರೆಯನ್ನು ದಾಟಿ ನೀರು ಒಳಗೆ ಹೋಗಲಾರದು, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಆಮೇಲೆ ಎಷ್ಟು ಕಡೆದರೂ ಆ ಗಂಟು ಚಿಕ್ಕದಾಗುತ್ತದೆಯೇ ಹೊರತು ಕರಗುವುದಿಲ್ಲ. ಬಿಸಿ ನೀರಿನಲ್ಲಿ ಹಿಟ್ಟು ಕಲಸಿದರೂ ಇದೇ ಗತಿ. ತಣ್ಣೀರಿನಲ್ಲಿ ಕಲಸಿದಾಗ ಕಣಗಳು ಉಬ್ಬದೆ ಒಂದರಿಂದೊಂದು ಬಿಡಿಯಾಗಿ ತೇಲುತ್ತಿರುತ್ತವೆ. ಹಾಗೆ ಬಿಡಿಬಿಡಿಯಾಗಿಯೇ ಬಿಸಿ ಸಾರಿಗೆ ಸೇರಿ, ಅಲ್ಲಿ ಒಟ್ಟಿಗೆ ಉಬ್ಬಿ, ಇಡೀ ಪಾತ್ರೆಯನ್ನು ಸಮನಾಗಿ ಮಂದ ಮಾಡುತ್ತವೆ. ರಾಗಿ ಅಂಬಲಿ ಕಾಯಿಸುವಾಗ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುವ ನಮ್ಮ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯವಿಲ್ಲ.

ಎಂಟು ಜನರಿಗೆ ಸಾಲುವ, ಸುಮಾರು ಎರಡೂವರೆ ಲೀಟರ್ ಹರೀರಾಕ್ಕೆ 80 ಗ್ರಾಂ ಮೈದಾ ಮತ್ತು 400 ಮಿಲಿಲೀಟರ್ ತಣ್ಣೀರು ಸಾಕು. ಮೊದಲು ಸ್ವಲ್ಪವೇ ನೀರು ಹಾಕಿ ನುಣ್ಣಗೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ, ಚಹಾ ಸೋಸುವ ಜಾಲರಿಯಲ್ಲಿ ಒಮ್ಮೆ ಸೋಸಿಡಿ. ಕೆಲವು ಮನೆಗಳಲ್ಲಿ ಹಿಂದಿನ ರಾತ್ರಿಯೇ ಹಿಟ್ಟು ಕದಡಿ ಮುಚ್ಚಿಟ್ಟು, ಅದು ತುಸು ಹುಳಿಯಾದ ಮೇಲೆ ಬಳಸುತ್ತಾರೆ. ದೋಸೆ ಹಿಟ್ಟಿನ ಹುಳಿಯನ್ನು ಬಲ್ಲ ನಮಗೆ ಆ ವಾಸನೆ ಹೊಸದೆನಿಸುವುದಿಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಹೀಗೆ ಮಾಡಿದ ಹರೀರಾಕ್ಕೆ ಬರುವ ಆಳದ ರುಚಿ ಬರೀ ನಿಂಬೆಹುಳಿಯಿಂದ ಬರುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಎಂಟು ಗಂಟೆ ಇಟ್ಟರೆ ಧಾರಾಳವಾಯಿತು.

ತದ್ವೀರಾ ಹೊಯ್ಯುವ ಗಳಿಗೆ ಬಂದಾಗ ಬೇರೆ ಯಾವ ಕೆಲಸವನ್ನೂ ಕೈಯಲ್ಲಿಟ್ಟುಕೊಳ್ಳಬೇಡಿ. ತಳಕ್ಕಿಳಿದ ಹಿಟ್ಟನ್ನು ಮತ್ತೊಮ್ಮೆ ಕದಡಿ, ಸಾರು ಹದವಾಗಿ ಕುದಿಯುತ್ತಿರುವಾಗ ಒಂದು ಕೈಯಿಂದ ನೂಲಿನಷ್ಟು ಸಣ್ಣ ಧಾರೆಯಾಗಿ ಸುರಿಯುತ್ತಾ, ಇನ್ನೊಂದು ಕೈಯಿಂದ ಮರದ ಸೌಟನ್ನು ಪಾತ್ರೆಯ ತಳ ಮುಟ್ಟಿಸಿ ನಿಲ್ಲಿಸದೆ ತಿರುವುತ್ತಿರಬೇಕು. ಮುಕ್ಕಾಲು ಭಾಗ ಸುರಿದು ನಿಲ್ಲಿಸಿ, ಎರಡು ನಿಮಿಷ ಕಾದು ನೋಡಿ. ಕುದಿಯ ಸದ್ದೇ ಬದಲಾಗುತ್ತದೆ. ಚಟಪಟ ಎನ್ನುತ್ತಿದ್ದ ಗುಳ್ಳೆಗಳು ನಿಧಾನವಾಗಿ ದಪ್ಪಗೆ ಏಳುತ್ತವೆ. ಸೌಟನ್ನು ಎತ್ತಿ ಹಿಡಿದರೆ ಅದರ ಬೆನ್ನಿನ ಮೇಲೆ ತೆಳುವಾದ ಕೆಂಪು ಪದರ ನಿಂತು, ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೆಯೇ ಉಳಿಯಬೇಕು. ಅಷ್ಟಾದರೆ ಉಳಿದ ಹಿಟ್ಟಿನ ನೀರು ಬೇಡ. ಮೇಲೆ ಬಂದ ನೊರೆಯನ್ನು ತೆಗೆದುಹಾಕಿ, ಸಣ್ಣ ಉರಿಯಲ್ಲಿ ಇನ್ನೂ ಹತ್ತು-ಹದಿನೈದು ನಿಮಿಷ ಕುದಿಸಲೇಬೇಕು. ಮಂದವಾಯಿತೆಂದು ಕೂಡಲೇ ಇಳಿಸಿದರೆ ಹಸಿಹಿಟ್ಟಿನ ವಾಸನೆ ಬಾಯಿಗೆ ಹೊಡೆಯುತ್ತದೆ. ಅಡುಗೆ ಮಾಡುವವರೂ ಉಪವಾಸವಿರುವುದರಿಂದ ಬಹುಪಾಲು ಮಂದಿ ಈ ಹೊತ್ತಿನಲ್ಲಿ ರುಚಿ ನೋಡುವುದಿಲ್ಲ. ಕಣ್ಣು, ಮೂಗು, ಸೌಟಿನ ಭಾರ, ಇಷ್ಟನ್ನೇ ನಂಬಿ ಹದ ಹಿಡಿಯುತ್ತಾರೆ. ಉಪ್ಪು ನೋಡಲು ಉಪವಾಸವಿಲ್ಲದ ಮಕ್ಕಳ ಕೈಗೆ ಒಂದು ಚಮಚ ಕೊಟ್ಟರಾಯಿತು.

ನಮಾಜಿನ ಹೊತ್ತಿಗೆ ಗಟ್ಟಿಯಾದದ್ದಕ್ಕೆ ಕಾರಣಗಳು ಎರಡು. ಬೆಂದ ಪಿಷ್ಟ ಆರುತ್ತಾ ಹೋದಂತೆ ಅದರ ಎಳೆಗಳು ಮತ್ತೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಆದ್ದರಿಂದ ಒಲೆಯ ಮೇಲೆ ಸರಿಯೆನಿಸಿದ ಹದ ಬಟ್ಟಲಿನಲ್ಲಿ ಯಾವಾಗಲೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೊತೆಗೆ ಶಾವಿಗೆಯೋ ಅಕ್ಕಿಯೋ ಪಾತ್ರೆಯಲ್ಲಿದ್ದರೆ ಅದು ಇಳಿಸಿದ ಮೇಲೂ ನೀರು ಕುಡಿಯುತ್ತಲೇ ಇರುತ್ತದೆ. ಹೀಗಾಗಿ ನಿಮಗೆ ಬೇಕಾದ್ದಕ್ಕಿಂತ ತುಸು ತೆಳ್ಳಗಿರುವಾಗಲೇ ಇಳಿಸಿ, ಶಾವಿಗೆಯನ್ನು ಎರಡು-ಮೂರು ದೊಡ್ಡ ಚಮಚಕ್ಕಿಂತ ಹೆಚ್ಚು ಹಾಕಬೇಡಿ, ಅದನ್ನೂ ಕೊನೆಯ ಐದಾರು ನಿಮಿಷಗಳಲ್ಲಿ ಹಾಕಿ. ಗಟ್ಟಿಯಾದ ಹರೀರಾ ಕೆಟ್ಟಿತೆಂದು ತಿಳಿಯುವುದೂ ಬೇಡ: ಕುದಿನೀರು ಬೆರೆಸಿ, ಉಪ್ಪು ಸರಿಪಡಿಸಿ, ಒಂದು ಕುದಿ ತಂದರೆ ಮತ್ತೆ ಹದಕ್ಕೆ ಬರುತ್ತದೆ.

ಇನ್ನು ಕಡಲೆಯ ವಿಚಾರ. ಹುಳಿ ಇರುವಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ, ಏಕೆಂದರೆ ಕಾಳಿನ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಕರಗದು. ಟೊಮೆಟೊ ಮತ್ತು ಕಡಲೆಯನ್ನು ಒಟ್ಟಿಗೆ ಹಾಕಿದ್ದರೆ ಅದು ಗಟ್ಟಿಯಾಗಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಬೋರ್‌ವೆಲ್ಲಿನ ಗಡಸು ನೀರೂ ಇದನ್ನೇ ಮಾಡುತ್ತದೆ, ಆದ್ದರಿಂದ ಕುಡಿಯುವ ಸಿಹಿನೀರನ್ನು ಬಳಸಿ. 100 ಗ್ರಾಂ ಕಾಬೂಲಿ ಕಡಲೆಯನ್ನು ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಒರಟು ಬಟ್ಟೆಯ ಮಧ್ಯೆ ಹಾಕಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಮೊರಾಕ್ಕೊದ ಮನೆಗಳಲ್ಲಿ ಈ ಸಿಪ್ಪೆ ತೆಗೆಯುವ ಕೆಲಸವನ್ನು ರಂಜಾನ್‌ಗೆ ಮೊದಲೇ, ಶಾಬಾನ್ ತಿಂಗಳಲ್ಲಿ, ಸೊಪ್ಪು ಹೆಚ್ಚಿಡುವ ಮತ್ತು ಟೊಮೆಟೊ ತುರಿದಿಡುವ ಕೆಲಸಗಳ ಜೊತೆಗೇ ಮುಗಿಸಿ, ದಿನಕ್ಕೊಂದು ಪೊಟ್ಟಣದ ಲೆಕ್ಕದಲ್ಲಿ ಫ್ರೀಜರ್‌ನಲ್ಲಿಡುವ ರೂಢಿ ಇದೆ. ಸಿಪ್ಪೆಯ ಕೆಲಸ ಬೇಸರದ್ದು ನಿಜ, ಆದರೆ ನುಣುಪನ್ನೇ ಗುಣವೆಂದುಕೊಂಡ ಅಡುಗೆಯಲ್ಲಿ ಹಲ್ಲಿಗೆ ಸಿಗುವ ಆ ಕಾಗದದಂಥ ಸಿಪ್ಪೆ ಇರಬಾರದು.

ಮಾಡುವ ಕ್ರಮ ಹೀಗಿರಲಿ. ಕುಕ್ಕರಿನಲ್ಲಿ ಎರಡು ದೊಡ್ಡ ಚಮಚ ಆಲಿವ್ ಎಣ್ಣೆ ಬಿಸಿ ಮಾಡಿ, ಬೆರಳ ಉಗುರಿನಷ್ಟು ಸಣ್ಣಗೆ ಕತ್ತರಿಸಿದ 250 ಗ್ರಾಂ ಕುರಿಮಾಂಸವನ್ನೂ ಒಂದು ದೊಡ್ಡ ಈರುಳ್ಳಿಯ ತುರಿಯನ್ನೂ ಹಾಕಿ ಬಾಡಿಸಿ. ಈರುಳ್ಳಿಯನ್ನು ಬಿರಿಯಾನಿಗೆ ಹುರಿದಂತೆ ಕೆಂಪಗೆ ಹುರಿಯಬಾರದು, ಹಸಿ ವಾಸನೆ ಹೋದರೆ ಸಾಕು. ಒಂದು ಚಮಚ ಒಣಶುಂಠಿ ಪುಡಿ, ಒಂದು ಚಮಚ ಕಾಳುಮೆಣಸಿನ ಪುಡಿ, ಅರ್ಧ ಚಮಚ ಅರಿಶಿನ, ಒಂದು ತುಂಡು ದಾಲ್ಚಿನ್ನಿ, ಇದ್ದರೆ ನಾಲ್ಕು ಎಸಳು ಕೇಸರಿ, ಇಷ್ಟೇ ಮಸಾಲೆ. ನೆನೆದ ಕಡಲೆ, ಉಪ್ಪು, ಒಂದೂವರೆ ಲೀಟರ್ ನೀರು ಸೇರಿಸಿ ಐದಾರು ಸೀಟಿ ಕೂಗಿಸಿ, ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಆವಿ ಇಳಿದ ಮೇಲೆ 75 ಗ್ರಾಂ ಇಡೀ ಮಸೂರವನ್ನು, ಅಂದರೆ ಸಿಪ್ಪೆ ತೆಗೆಯದ ಚನ್ನಂಗಿಯನ್ನು ಹಾಕಿ, ಮುಚ್ಚಳ ಬಿಗಿಯದೆ ಬೇಯಿಸಿ. ಮಸೂರ ಮುಕ್ಕಾಲು ಬೆಂದಾಗ 750 ಗ್ರಾಂ ಹಣ್ಣಾದ ಟೊಮೆಟೊದ ತಿರುಳನ್ನೂ ಎರಡು ಚಮಚ ಟೊಮೆಟೊ ಪೇಸ್ಟನ್ನೂ ಸೊಪ್ಪಿನ ಮುಕ್ಕಾಲು ಭಾಗವನ್ನೂ ಸೇರಿಸಿ, ಬೇಕಾದರೆ ನೀರು ಹೊಯ್ದು, ಎಣ್ಣೆ ಅಂಚಿನಲ್ಲಿ ಬಿಡುವವರೆಗೆ ಕುದಿಸಿ. ಆಮೇಲೆ ತದ್ವೀರಾ, ಶಾವಿಗೆ, ಕೊನೆಗೆ ಉಳಿದ ಕೊತ್ತಂಬರಿ.

ಟೊಮೆಟೊ ಸಾರಿನಂತಾಯಿತು ಎಂಬ ನಿಮ್ಮ ಕೊರಗಿಗೆ ಉತ್ತರ ಸೊಪ್ಪಿನಲ್ಲಿದೆ ಎಂದು ನನ್ನ ಊಹೆ. ಹರೀರಾದ ಗುರುತಿನ ವಾಸನೆ ಸೆಲರಿಯದು. ಅಲ್ಲಿ ಅದನ್ನು ‘ಕ್ರಾಫ್ಸ್’ ಎನ್ನುತ್ತಾರೆ. ಅಲ್ಲಿ ಸಿಗುವುದು ದಪ್ಪ ದಂಟಿನ ಬಿಳಿ ಸೆಲರಿಯಲ್ಲ. ಸಣ್ಣ ದಂಟಿನ, ತುಂಬಾ ಎಲೆಯಿರುವ, ಘಾಟಿನ ಜಾತಿ. ದಂಟು ಮತ್ತು ಎಲೆ ಎರಡನ್ನೂ ಹಾಕಬೇಕು. ಅದರೊಂದಿಗೆ ಒಂದು ಕಟ್ಟು ಕೊತ್ತಂಬರಿ, ಒಂದು ಕಟ್ಟು ಪಾರ್ಸ್ಲಿ, ಮೂರೂ ಸಮಸಮನಾಗಿ ಇರಲಿ. ಪಾರ್ಸ್ಲಿ ಸಿಗದಿದ್ದರೆ ಕೊತ್ತಂಬರಿಯನ್ನೇ ಹೆಚ್ಚಿಸಬಹುದು, ಸೆಲರಿ ಸಿಗದಿದ್ದರೆ ಮಾತ್ರ ಬದಲಿಯಿಲ್ಲ. ದೊಡ್ಡಪತ್ರೆಯನ್ನೋ ಓಮವನ್ನೋ ಹಾಕಿದರೆ ಬೇರೆಯದೇ ಪರಿಮಳ ಬಂದು ಕುಳಿತುಕೊಳ್ಳುತ್ತದೆ. ಇದರಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ದಯವಿಟ್ಟು ಒಗ್ಗರಣೆ ಕೊಡಬೇಡಿ. ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಗರಂ ಮಸಾಲೆ ಇವುಗಳಲ್ಲಿ ಒಂದು ಬಿದ್ದರೂ ನಾಲಿಗೆ ಅದನ್ನು ಸಾರೆಂದೇ ಗುರುತಿಸುತ್ತದೆ. ಬೆಳ್ಳುಳ್ಳಿಯೂ ಸಾಮಾನ್ಯವಾಗಿ ಇರುವುದಿಲ್ಲ.

ರುಚಿಗೆ ಆಳ ಕೊಡುವ ಇನ್ನೊಂದು ವಸ್ತು ‘ಸ್ಮೆನ್’. ಬೆಣ್ಣೆಗೆ ಉಪ್ಪು ಬೆರೆಸಿ ನಾದಿ, ಗಾಳಿಯಾಡದಂತೆ ಮಡಕೆಯಲ್ಲಿ ತುಂಬಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಾಗಿಸಿದ್ದು. ವಾಸನೆ ಹಳೆಯ ಚೀಸಿನಂತೆ ಗಾಢ. ಇಡೀ ಪಾತ್ರೆಗೆ ಒಂದು ಸಣ್ಣ ಚಮಚ ಸಾಕು. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಹುಳಿಮೊಸರು ಕಡೆದು ತೆಗೆದ ಬೆಣ್ಣೆಯನ್ನು ಕಾಯಿಸಿದ ಮನೆಯ ತುಪ್ಪ, ಅದೂ ಸ್ವಲ್ಪ ಹಳತಾಗಿದ್ದರೆ ಉತ್ತಮ. ಅಂಗಡಿಯ ತುಪ್ಪದಲ್ಲಿ ಆ ಕಟುವಿಲ್ಲ. ತುಪ್ಪವನ್ನು ಮಾಂಸ ಬಾಡಿಸುವಾಗಲೇ ಹಾಕಿ.

ನಿಂಬೆರಸವನ್ನು ಪಾತ್ರೆಗೆ ಹಿಂಡಬೇಡಿ. ಹುಳಿಯಲ್ಲಿ ಹೆಚ್ಚು ಹೊತ್ತು ಕುದಿದ ಪಿಷ್ಟ ಒಡೆದು, ಕಷ್ಟಪಟ್ಟು ಹಿಡಿದ ಹದ ನೀರಾಗಿಬಿಡುತ್ತದೆ. ನಿಂಬೆಯ ಹೋಳು ತಟ್ಟೆಯಲ್ಲಿರಲಿ, ಅವರವರ ಬಟ್ಟಲಿಗೆ ಅವರವರು ಹಿಂಡಿಕೊಳ್ಳಲಿ.

ಉಪವಾಸ ಬಿಡಲು ಇದೇ ಏಕೆ ಎಂದು ನೀವು ಕೇಳಿಲ್ಲವಾದರೂ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹಗಲಿಡೀ ನೀರೂ ಇಲ್ಲದೆ ಒಣಗಿದ ಗಂಟಲಿಗೆ ಮೊದಲು ಖರ್ಜೂರ, ಹಾಲು ಅಥವಾ ನೀರು. ಅದರ ಹಿಂದೆಯೇ ಬಿಸಿ ಹರೀರಾ. ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು, ಹಿಟ್ಟು-ಶಾವಿಗೆಯ ಶಕ್ತಿ, ಕಾಳು ಮತ್ತು ಮಾಂಸದ ಪ್ರೋಟೀನು ಒಂದೇ ಬಟ್ಟಲಿನಲ್ಲಿ, ಅಗಿಯುವ ಶ್ರಮವಿಲ್ಲದೆ ಸಿಗುತ್ತದೆ. ‘ಜ್ಲಾಫಾ’ ಎಂಬ ಗುಂಡನೆಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಹಳೆಯ ಪದ್ಧತಿಯವರು ಮರದ ಚಮಚದಿಂದಲೇ ಕುಡಿಯುತ್ತಾರೆ. ಲೋಹದ ಚಮಚದಂತೆ ಅದು ತುಟಿ ಸುಡುವುದಿಲ್ಲ. ಪಕ್ಕದಲ್ಲಿ ಜೀರಿಗೆ-ಉಪ್ಪು ಉದುರಿಸಿದ ಬೇಯಿಸಿದ ಮೊಟ್ಟೆ, ಜೇನಿನಲ್ಲಿ ಅದ್ದಿ ಎಳ್ಳು ಉದುರಿಸಿದ ‘ಶೆಬ್ಬಾಕಿಯಾ’ ಎಂಬ ಹೂವಿನಾಕಾರದ ಕರಿದ ಸಿಹಿ. ಹುಳಿ-ಉಪ್ಪಿನ ಸೂಪಿನ ಜೊತೆ ಜೇನಿನ ತಿಂಡಿಯೇ ಎಂದು ಕೇಳಿದವರಿಗೆ ಹೋಳಿಗೆಯ ಪಕ್ಕದ ಕಟ್ಟಿನ ಸಾರನ್ನು ನೆನಪಿಸುತ್ತೇನೆ. ಮೊರಾಕ್ಕೊದ ಯಹೂದಿಗಳು ಕೂಡ ಯೋಮ್ ಕಿಪ್ಪೂರ್ ಉಪವಾಸವನ್ನು ಹರೀರಾದಿಂದಲೇ ಬಿಡುವ ಪರಿಪಾಠ ಉಳಿಸಿಕೊಂಡು ಬಂದಿದ್ದಾರೆ ಎಂಬುದು ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಸಂಗತಿ. ಒಂದೇ ಊರಿನ ಒಂದೇ ಸಂತೆಯ ಸೊಪ್ಪು, ಕಾಳು ಎರಡು ಧರ್ಮಗಳ ಹಸಿವಿಗೆ ಒಂದೇ ಬಟ್ಟಲಾಗಿ ಒದಗಿದೆ.

ಉತ್ತರ ಆಫ್ರಿಕಾದ ಎಲ್ಲೆಡೆಯೂ ಇದೇ ಸೂಪು ಎಂದು ತಿಳಿಯಬಾರದು. ಅಲ್ಜೀರಿಯಾದ ನಡುವಣ ಮತ್ತು ಪೂರ್ವ ಭಾಗಗಳಲ್ಲೂ ಟುನೀಶಿಯಾದಲ್ಲೂ ಇಫ್ತಾರ್‌ನ ಸೂಪು ‘ಶೋರ್ಬಾ ಫ್ರೀಕ್’. ಹಸಿರಾಗಿರುವಾಗಲೇ ಕೊಯ್ದು ಸುಟ್ಟು ಒಡೆದ ಗೋಧಿಯ ನುಚ್ಚೇ ಅದನ್ನು ಮಂದ ಮಾಡುವುದರಿಂದ ಹಿಟ್ಟಿನ ನೀರು ಬೇಕಿಲ್ಲ. ಲಿಬಿಯಾದ ಶೋರ್ಬಾದಲ್ಲಿ ಒಣ ಪುದೀನದ ಪರಿಮಳ ಮುಂದಾಗಿರುತ್ತದೆ. ಓರಾನ್ ಕಡೆಯ ಹರೀರಾದಲ್ಲಿ ತರಕಾರಿಯನ್ನು ಬೇಯಿಸಿ ಅರೆದುಬಿಡುತ್ತಾರೆ. ಮೊರಾಕ್ಕೊದ್ದರಲ್ಲಿ ಕಡಲೆ, ಮಸೂರ, ಮಾಂಸ ಇಡಿಯಾಗಿ ಕಾಣಬೇಕು, ಆದ್ದರಿಂದ ಮಿಕ್ಸರ್‌ಗೆ ಹಾಕಿ ನುಣ್ಣಗೆ ಮಾಡುವ ಅಡ್ಡದಾರಿ ಹಿಡಿಯಬೇಡಿ.

ಮಾಂಸವಿಲ್ಲದ ಹರೀರಾ ಧಾರಾಳವಾಗಿ ಮಾಡಬಹುದು. ಮೊರಾಕ್ಕೊದಲ್ಲೂ ಅನೇಕ ಮನೆಗಳಲ್ಲಿ ದಿನನಿತ್ಯದ್ದು ಅದೇ. ಮಾಂಸ ಬಿಟ್ಟಾಗ ಮಸೂರವನ್ನು 100 ಗ್ರಾಂಗೆ ಏರಿಸಿ, ಕಡಲೆ ಬೆಂದ ನೀರನ್ನು ಚೆಲ್ಲದೆ ಅದನ್ನೇ ಸಾರಿನ ನೀರಾಗಿ ಬಳಸಿ, ಹಳೆಯ ತುಪ್ಪವನ್ನು ಮಾತ್ರ ತಪ್ಪಿಸಬೇಡಿ. ಗೋಧಿ ಒಗ್ಗದವರು ಮನೆಯಲ್ಲಿದ್ದರೆ ಶಾವಿಗೆಯ ಬದಲು ಒಂದು ಹಿಡಿ ಅಕ್ಕಿಯನ್ನೂ, ಮೈದಾದ ಬದಲು ಅಕ್ಕಿಹಿಟ್ಟನ್ನೂ ಬಳಸಬಹುದು. ಕಾರ್ನ್‌ಫ್ಲೋರ್ ನನಗೆ ಒಪ್ಪಿಗೆಯಿಲ್ಲ. ಅದರಿಂದ ಬರುವ ಮಿರುಗು ಹೋಟೆಲಿನ ಸೂಪಿನದು, ಮತ್ತು ಟೊಮೆಟೊ ಹುಳಿಯಲ್ಲಿ ಹೆಚ್ಚು ಕುದಿಸಿದರೆ ಅದು ಬೇಗ ನೀರೊಡೆಯುತ್ತದೆ.

ಹತ್ತಿಪ್ಪತ್ತು ಜನರ ಇಫ್ತಾರ್‌ಗೆ ಮಾಡುವುದಾದರೆ ತದ್ವೀರಾ ಹಾಕುವ ಮೊದಲಿನ ಸಾರನ್ನು ಮಧ್ಯಾಹ್ನವೇ ಸಿದ್ಧ ಮಾಡಿಕೊಳ್ಳಿ, ಹಿಟ್ಟಿನ ನೀರನ್ನು ಬೇರೆ ಪಾತ್ರೆಯಲ್ಲಿಡಿ. ಸೂರ್ಯಾಸ್ತದ ಮಗ್ರಿಬ್ ಅಜಾನಿಗೆ ಅರ್ಧ ಗಂಟೆ ಇರುವಾಗ ಸಾರನ್ನು ಕುದಿಗೆ ತಂದು ಹಿಟ್ಟು ಹೊಯ್ದರೆ, ಖರ್ಜೂರ ಬಾಯಿಗೆ ಹೋಗುವ ಹೊತ್ತಿಗೆ ಹರೀರಾ ಸರಿಯಾದ ಹದದಲ್ಲಿರುತ್ತದೆ. ಮಾರನೆಯ ದಿನಕ್ಕೆ ಉಳಿಸಬೇಕೆಂದಿದ್ದರೆ ಆ ಪಾಲಿನ ಸಾರನ್ನು ಹಿಟ್ಟು, ಶಾವಿಗೆ ಬೀಳುವ ಮೊದಲೇ ತೆಗೆದು, ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಹೊಸ ತದ್ವೀರಾ ಕಲಸಿಕೊಳ್ಳಿ.